ಮೂರು ಹಳಿ, ಒಂದು ಬಾಕಿ

ಆರನೇ ತರಗತಿಯಲ್ಲಿರುವ ನನ್ನ ಮೊಮ್ಮಗಳು ಶನಿವಾರ ಸಂಜೆ ಒಂದು ದೊಡ್ಡ ಚಾರ್ಟ್ ಪೇಪರನ್ನು ಸುರುಳಿ ಸುತ್ತಿಕೊಂಡು ನನ್ನ ಕುರ್ಚಿಯ ಮುಂದೆ ನಿಂತಳು. ಚಾರ್ಟ್ ಪೇಪರ್ ಬಂತೆಂದರೆ ಮನೆಯಲ್ಲಿ ಹಿರಿಯರಿಗೆ ಕೆಲಸ ಬಂತೆಂದೇ ಲೆಕ್ಕ.

"ತಾತ, ನಮ್ಮೂರಿನ ಒಂದು ಹಳೇ ಸ್ಥಳದ ಬಗ್ಗೆ ಬರೀಬೇಕಂತೆ. ಎಲ್ರೂ ಅರಮನೆ, ಲಾಲ್‌ಬಾಗ್, ವಿಧಾನಸೌಧ ತಗೊಂಡಾಯ್ತು. ನನಗೇನೂ ಉಳಿದಿಲ್ಲ."

"ಸಿಟಿ ರೈಲ್ವೆ ಸ್ಟೇಷನ್ ಬರಿ" ಎಂದೆ.

"ಅದು ಹಳೇದಾ? ಅಲ್ಲಿ ಎಸ್ಕಲೇಟರ್ ಇದೆಯಲ್ಲ!"

ಎಸ್ಕಲೇಟರ್ ಇದ್ದಲ್ಲಿ ಚರಿತ್ರೆ ಇರುವುದಿಲ್ಲ ಎಂಬುದು ಅವಳ ತೀರ್ಮಾನ. ವಾದ ಮಾಡುವ ಬದಲು ಕರೆದುಕೊಂಡು ಹೋಗಿ ತೋರಿಸುವುದೇ ಸರಿ ಎಂದುಕೊಂಡೆ. ನಮ್ಮ ಮನೆ ಯಲಹಂಕದಲ್ಲಿ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು, ನೀರಿನ ಬಾಟಲಿ, ಒಂದು ನೋಟ್‌ಬುಕ್ ಮತ್ತು ನನ್ನ ಸೊಸೆಯ ಹೊಲಿಗೆ ಡಬ್ಬಿಯಿಂದ ಒಂದು ಅಳತೆ ಟೇಪು ತೆಗೆದುಕೊಂಡು ಹೊರಟೆವು. "ಟೇಪು ಯಾಕೆ ಮಾವ? ಸ್ಟೇಷನ್ನಿಗೆ ಬ್ಲೌಸ್ ಹೊಲಿಸ್ತೀರಾ?" ಎಂದು ಸೊಸೆ ನಕ್ಕಳು. ಬಂದ ಮೇಲೆ ಹೇಳುತ್ತೇನೆ ಎಂದೆ.

ಯಲಹಂಕ ನಿಲ್ದಾಣದಲ್ಲಿ ಹತ್ತು ಹತ್ತು ರೂಪಾಯಿಯ ಟಿಕೆಟ್ ಪಡೆದು ಬೆಂಚಿನ ಮೇಲೆ ಕುಳಿತೆವು. ರೈಲು ಬರಲು ಇನ್ನೂ ಹೊತ್ತಿತ್ತು. ಅಲ್ಲೇ ಪಾಠ ಶುರುವಾಯಿತು.

"ಟೇಪು ಬಿಚ್ಚು. ಮೊದಲು ನನ್ನ ಎತ್ತರ ಅಳೆ."

ಬೆಂಚಿನ ಮೇಲೆ ಹತ್ತಿ ಅಳೆದಳು. ಐದೂವರೆ ಅಡಿ. ಯೌವನದಲ್ಲಿ ಇನ್ನೂ ಅರ್ಧ ಅಂಗುಲ ಇತ್ತು, ಅದು ನಿವೃತ್ತಿಯಾದ ಮೇಲೆ ಎಲ್ಲೋ ಕಳೆದುಹೋಯಿತು.

"ಅಲ್ಲಿ ಕಾಣ್ತಿದೆಯಲ್ಲ, ಆ ಎರಡು ಹಳಿಗಳ ಮಧ್ಯೆ ಇರೋ ಜಾಗ, ಅದೂ ಐದೂವರೆ ಅಡಿಯೇ. 1676 ಮಿಲಿಮೀಟರ್. ನಾನು ಹಳಿಗೆ ಅಡ್ಡ ಮಲಗಿದರೆ ಸರಿಯಾಗಿ ಹಿಡಿಸುತ್ತೇನೆ. ಇದು ಬ್ರಾಡ್‌ಗೇಜ್. ಈಗ ನಿನ್ನ ತಮ್ಮನ ಎತ್ತರ ಎಷ್ಟು?"

"ನಾಲ್ಕು ವರ್ಷ ತಾತ ಅವನಿಗೆ. ಮೊನ್ನೆ ಡಾಕ್ಟರ್ ಹತ್ರ ಅಳೆದಾಗ ಒಂದು ಮೀಟರ್ ಇದ್ದ."

"ಅದು ಮೀಟರ್‌ಗೇಜ್. ಸರಿಯಾಗಿ 1000 ಮಿಲಿಮೀಟರ್. ಇನ್ನು ಎದುರು ಮನೆಯಲ್ಲಿ ಈಗಷ್ಟೇ ಗೋಡೆ ಹಿಡಿದು ಹೆಜ್ಜೆ ಇಡ್ತಿದೆಯಲ್ಲ ಪಾಪು, ಅದು ಎರಡೂವರೆ ಅಡಿ ಇದ್ದೀತು. 762 ಮಿಲಿಮೀಟರ್. ಅದು ನ್ಯಾರೋಗೇಜ್. ತಾತ, ಮೊಮ್ಮಗ, ಪಾಪು, ಈ ಮೂರು ಅಳತೆಯ ಹಳಿಗಳೂ ಒಂದು ಕಾಲದಲ್ಲಿ ಬೆಂಗಳೂರು ಸಿಟಿ ಸ್ಟೇಷನ್ನಿಗೆ ಬರುತ್ತಿದ್ದವು. ನಾವು ನೋಡೋಕೆ ಹೋಗ್ತಿರೋದು ಆ ಸ್ಟೇಷನ್ನನ್ನು."

ಮಕ್ಕಳೇ, ಒಂದು ದೇಶದಲ್ಲಿ ಮೂರು ಅಳತೆಯ ಹಳಿ ಯಾಕೆ ಬೇಕಿತ್ತು ಎಂದು ನಿಮಗೂ ಅನಿಸಬಹುದು. ನಮ್ಮ ದೇಶದಲ್ಲಿ ಪ್ರಯಾಣಿಕರನ್ನು ಹೊತ್ತ ಮೊದಲ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ 34 ಕಿಲೋಮೀಟರ್ ಓಡಿತು. ಆಗ ಗವರ್ನರ್ ಜನರಲ್ ಆಗಿದ್ದವರು ಡಾಲ್‌ಹೌಸಿ. ಅವರ ಕಾಲದಲ್ಲಿ ಅಗಲವಾದ ಹಳಿಯೇ ಇರಲಿ ಎಂದು ಐದೂವರೆ ಅಡಿ ನಿಶ್ಚಯವಾಯಿತು. ಅಗಲ ಹಳಿಗೆ ಖರ್ಚು ಜಾಸ್ತಿ. ಹದಿನೈದಿಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಸರ್ಕಾರದ ಕೈ ಬಿಗಿಯಾಯಿತು. 1870ರ ಸುಮಾರಿಗೆ ವೈಸರಾಯ್ ಮೇಯೊ ಅವರ ಕಾಲದಲ್ಲಿ, ಕಡಿಮೆ ಖರ್ಚಿನಲ್ಲಿ ಹೆಚ್ಚು ಊರು ಮುಟ್ಟಬೇಕೆಂದು ಒಂದು ಮೀಟರ್ ಅಗಲದ ಹಳಿ ಬಂತು. ಅದಕ್ಕೂ ದುಡ್ಡು ಸಾಲದ ಕಡೆ, ಅಥವಾ ಅಷ್ಟು ಓಡಾಟ ಇಲ್ಲದ ಕಡೆ, ಎರಡೂವರೆ ಅಡಿಯ ಪುಟ್ಟ ಹಳಿ. ಮನೆಯಲ್ಲಿ ದೊಡ್ಡವನಿಗೆ ಹೊಸ ಅಂಗಿ, ಎರಡನೆಯವನಿಗೆ ಸ್ವಲ್ಪ ಅಗ್ಗದ್ದು, ಕಿರಿಯನಿಗೆ ಉಳಿದ ಬಟ್ಟೆಯಲ್ಲಿ ಹೊಲಿಸಿದ್ದು, ಹಾಗೆ.

ನಮ್ಮ ಯಲಹಂಕದ ಪಾಲಿಗೆ ಬಂದದ್ದು ಎರಡನೆಯದು ಮತ್ತು ಮೂರನೆಯದು. ಹಿಂದೂಪುರ, ಗುಂತಕಲ್ಲಿನ ಕಡೆಗೆ ಹೋಗುವ ಮೀಟರ್‌ಗೇಜ್ ಹಳಿ 19ನೆಯ ಶತಮಾನದ ಕೊನೆಯ ದಶಕದಲ್ಲಿ ಇಲ್ಲಿ ಹಾದುಹೋಯಿತು. ಆಮೇಲೆ 1915ರಲ್ಲಿ ಪುಟ್ಟ ರೈಲು ಬಂತು. ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ದಾಟಿ ಚಿಕ್ಕಬಳ್ಳಾಪುರಕ್ಕೆ. ಆಗ ಮೈಸೂರಿನ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಅವರು ಹುಟ್ಟಿದ ಮುದ್ದೇನಹಳ್ಳಿ ಇರುವುದೂ ಚಿಕ್ಕಬಳ್ಳಾಪುರದ ಪಕ್ಕದಲ್ಲೇ. ಅಷ್ಟು ಹೊತ್ತಿಗೆ ಆ ತುದಿಯಲ್ಲಿ ಬಂಗಾರಪೇಟೆಯಿಂದ ಕೋಲಾರಕ್ಕೆ ಇಂಥದೇ ಪುಟ್ಟ ಹಳಿ 1913ರಲ್ಲೇ ಬಂದಿತ್ತು. ಎರಡೂ ಕೂಡಿಕೊಂಡವು. ಇದರಿಂದ ಒಂದು ತಮಾಷೆಯಾಯಿತು. ಸಿಟಿ ಸ್ಟೇಷನ್ನಿನಿಂದ ಬಂಗಾರಪೇಟೆಗೆ ಹೋಗಲು ಎರಡು ದಾರಿ. ದೊಡ್ಡ ರೈಲಿನಲ್ಲಿ ನೇರವಾಗಿ 70 ಕಿಲೋಮೀಟರ್. ಪುಟ್ಟ ರೈಲಿನಲ್ಲಿ ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರ ಎಲ್ಲವನ್ನೂ ಮಾತನಾಡಿಸಿಕೊಂಡು ಅದರ ಎರಡರಷ್ಟಕ್ಕೂ ಮೀರಿದ ಸುತ್ತು. ತಿಳಿದವರಾರೂ ಬಂಗಾರಪೇಟೆಗೆಂದು ಪುಟ್ಟ ರೈಲು ಹತ್ತುತ್ತಿರಲಿಲ್ಲ. ಅದು ಹಳ್ಳಿಯವರ ರೈಲು. ಆಲೂಗಡ್ಡೆ ಮೂಟೆ, ರೇಷ್ಮೆಗೂಡಿನ ಬುಟ್ಟಿ, ದೇವನಹಳ್ಳಿಯ ಚಕ್ಕೋತ, ಜೊತೆಗೆ ನನ್ನಂಥ ಹುಡುಗರು.

ನನ್ನ ಹುಟ್ಟೂರು ಆವತಿಯ ಹತ್ತಿರದ ಒಂದು ಸಣ್ಣ ಹಳ್ಳಿ. ಆ ರೈಲಿನ ಕೂಗು ಕೇಳಿ ನಮ್ಮವ್ವ ಒಲೆಗೆ ಸೌದೆ ಇಡುತ್ತಿದ್ದಳು. ಗಡಿಯಾರ ಇರಲಿಲ್ಲ. ರೈಲು ತಡವಾದ ದಿನ ಊಟವೂ ತಡ.

ಅಷ್ಟರಲ್ಲಿ ನಮ್ಮ ರೈಲು ಬಂತು. ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಹೊರಡುವ ಮುಂಚೆ ಅವಳಿಗೆ ಇನ್ನೊಂದು ಮಾತು ಹೇಳಿದೆ. ನಾವು ಕೂತಿರುವ ಈ ಡಬ್ಬಿಯ ಗಾಲಿ ಬಹುಶಃ ನಮ್ಮ ಮನೆಯ ಹಿಂದಿನ ಬೀದಿಯವರು ಮಾಡಿದ್ದು! 1984ರಲ್ಲಿ ಯಲಹಂಕದಲ್ಲಿ ರೈಲಿನ ಗಾಲಿ ಮತ್ತು ಅಚ್ಚುಗಳ ಕಾರ್ಖಾನೆ ಶುರುವಾಯಿತು. ಈಗ ಅದನ್ನು ರೈಲ್ ವೀಲ್ ಫ್ಯಾಕ್ಟರಿ ಎನ್ನುತ್ತಾರೆ. ಅಲ್ಲಿ ಸವೆದ ಗಾಲಿ, ಮುರಿದ ಅಚ್ಚು, ರೈಲ್ವೆಯ ಹಳೆಯ ಉಕ್ಕಿನ ಗುಜರಿಯನ್ನೆಲ್ಲ ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಅಚ್ಚಿಗೆ ಹೊಯ್ದು ಹೊಸ ಗಾಲಿ ಮಾಡುತ್ತಾರೆ. ನಮ್ಮ ಪುಟ್ಟ ರೈಲಿನ ಒಂದು ತುಂಡು ಉಕ್ಕೂ ಯಾವುದೋ ಗಾಲಿಯಲ್ಲಿ ಸೇರಿ ದೆಹಲಿಗೆ ಹೋಗಿ ಬರುತ್ತಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುವುದುಂಟು.

ಕೊಡಿಗೇಹಳ್ಳಿ, ಲೊಟ್ಟೆಗೊಲ್ಲಹಳ್ಳಿ ದಾಟಿದೆವು. ನಾನು ಹುಡುಗನಾಗಿದ್ದಾಗ ಈ ದಾರಿಯ ಎರಡೂ ಬದಿ ರಾಗಿ ಹೊಲ, ತೋಪು, ಕೆರೆ. ಈಗ ಬರೀ ಮನೆಗಳ ಬೆನ್ನು, ಒಣಗಲು ಹಾಕಿದ ಬಟ್ಟೆ, ನೀರಿನ ಟ್ಯಾಂಕುಗಳು. ಯಶವಂತಪುರದಲ್ಲಿ ರೈಲು ಸ್ವಲ್ಪ ಹೊತ್ತು ನಿಂತಿತು. ತುಮಕೂರು, ಅರಸೀಕೆರೆ, ಹುಬ್ಬಳ್ಳಿಯ ದಾರಿ ಇಲ್ಲಿ ಬಂದು ಸೇರುತ್ತದೆ. 2022ರಲ್ಲಿ ಶಂಕುಸ್ಥಾಪನೆಯಾದ ಹೊಸ ಕಟ್ಟಡದ ಕೆಲಸದ ಸಡಗರ ಅಲ್ಲಿ ಕಾಣುತ್ತದೆ. ಮುಂದಿನದು ಮಲ್ಲೇಶ್ವರ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂದವರ ಜೊತೆ ಬಂತೆಂದು ಹೇಳುತ್ತಾರೆ. ಇಕ್ಕಟ್ಟಾದ ಪೇಟೆ ಬಿಟ್ಟು ಗಾಳಿ ಬೆಳಕಿರುವ ಕಡೆ ಹೋಗಬೇಕೆಂದು ಜನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆ ಕಟ್ಟಿದರು. ರೈಲು ದವಸವನ್ನೂ ತರುತ್ತದೆ, ರೋಗವನ್ನೂ ತರುತ್ತದೆ. ಕೊರೊನಾ ಕಂಡ ಮೊಮ್ಮಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಹದಿನೆಂಟು ಕಿಲೋಮೀಟರಿನಷ್ಟು ದಾರಿ. ಸಿಟಿ ಸ್ಟೇಷನ್ ಬಂತು. ಇಳಿದು ಒಂದು ಕಂಬದ ಪಕ್ಕದ ಕಟ್ಟೆಯ ಮೇಲೆ ಕುಳಿತೆವು.

"ಹಳೇದು ಎಲ್ಲಿದೆ ತಾತ?" ಎಂದಳು, ನಾಲ್ಕೂ ಕಡೆ ನೋಡಿ.

ನಿಜ, ಕಣ್ಣಿಗೆ ಬೀಳುವ ಹಳೆಯದು ಇಲ್ಲಿ ಕಡಿಮೆ. ಈ ನಿಲ್ದಾಣವನ್ನು ಎಷ್ಟೋ ಸಲ ಹಿಗ್ಗಿಸಿ, ಕೆಡವಿ, ಮತ್ತೆ ಕಟ್ಟಿದ್ದಾರೆ. ಈಗ ಹತ್ತು ಪ್ಲಾಟ್‌ಫಾರ್ಮುಗಳು. ಎದುರಿಗಿರುವ ಬಸ್ ನಿಲ್ದಾಣದ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಅದೂ ಇಲ್ಲ. ಇಲ್ಲಿನ ಹಳೆಯದನ್ನು ಕಿವಿಯಿಂದಲೇ ನೋಡಬೇಕು. ಹಾಗಾಗಿ ಹೇಳತೊಡಗಿದೆ.

ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಆದರೆ ಬಂದದ್ದು ಇಲ್ಲಿಗಲ್ಲ, ಇಲ್ಲಿಂದ ನಾಲ್ಕೇ ಕಿಲೋಮೀಟರ್ ದೂರದ ಕಂಟೋನ್ಮೆಂಟಿಗೆ. ಮದರಾಸಿನ ರೈಲು ಕಂಪನಿ ಜೋಲಾರಪೇಟೆಯಿಂದ ಇಲ್ಲಿಗೆ ಅಗಲ ಹಳಿ ಹಾಕಿತು. ಆಗ ಬೆಂಗಳೂರು ಒಂದಲ್ಲ, ಎರಡು ಊರು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆ ಒಂದು. ಅಲ್ಲಿ ನೇಕಾರರು, ವ್ಯಾಪಾರಿಗಳು, ದೇವಸ್ಥಾನಗಳು. ಇಂಗ್ಲಿಷರು ಸೈನ್ಯಕ್ಕಾಗಿ ಮಾಡಿಕೊಂಡ ದಂಡು ಇನ್ನೊಂದು. ರೈಲು ಬಂದದ್ದು ದಂಡಿಗೆ. ಈಗಲೂ ನಮ್ಮ ವಯಸ್ಸಿನವರು ಆ ನಿಲ್ದಾಣವನ್ನು ದಂಡಿನ ಸ್ಟೇಷನ್ ಎನ್ನುತ್ತೇವೆ.

ಆಮೇಲೆ ಬಂತು ದೊಡ್ಡ ಬರ. 1876ರಿಂದ 78ರವರೆಗೆ. ಧಾತು, ಈಶ್ವರ ಸಂವತ್ಸರಗಳ ಬರ ಎಂದು ನನ್ನ ಅಜ್ಜಿ ತನ್ನ ಅಜ್ಜಿಯಿಂದ ಕೇಳಿದ್ದನ್ನು ಹೇಳುತ್ತಿದ್ದಳು. ಮೈಸೂರು ಸಂಸ್ಥಾನದಲ್ಲಿ ಐದರಲ್ಲೊಂದು ಪಾಲು ಜನ ಸತ್ತರೆಂದು ಅಂದಾಜು. ಮದರಾಸಿನಿಂದ ಧಾನ್ಯ ರೈಲಿನಲ್ಲಿ ಬೆಂಗಳೂರಿನವರೆಗೆ ಬರುತ್ತಿತ್ತು. ಅಲ್ಲಿಗೆ ಹಳಿ ಮುಗಿಯುತ್ತಿತ್ತು. ಮುಂದೆ ಎತ್ತಿನ ಗಾಡಿಯೇ ಗತಿ. ಎತ್ತುಗಳೂ ಮೇವಿಲ್ಲದೆ ಸಾಯುತ್ತಿದ್ದವು. ಹಳಿ ಮುಗಿದ ಕಡೆ ಮೂಟೆ, ಅದರಾಚೆ ಹಸಿವು. ಆ ಬರದಲ್ಲೇ, ಕೂಲಿ ಸಿಕ್ಕಿ ಜನ ಬದುಕಲೆಂದು, ಬೆಂಗಳೂರಿನಿಂದ ಮೈಸೂರಿಗೆ ಹಳಿ ಹಾಕುವ ಕೆಲಸ ಶುರುವಾಯಿತು. 1881ರಲ್ಲಿ ರಾಜ್ಯ ಮತ್ತೆ ಮಹಾರಾಜರ ಕೈಗೆ ಬಂದು ರಂಗಾಚಾರ್ಲು ದಿವಾನರಾದರು. ಬೊಕ್ಕಸ ಬರಿದಾಗಿದ್ದರೂ ಕೆಲಸ ನಿಲ್ಲಲಿಲ್ಲ. 1882ರಲ್ಲಿ ಮೈಸೂರಿಗೆ ರೈಲು ಮುಟ್ಟಿತು. ಅದು ಪೇಟೆಯ ಪಕ್ಕದಿಂದ, ಅಂದರೆ ನಾವು ಕುಳಿತಿದ್ದ ಈ ಜಾಗದಿಂದ ಹೊರಟ ಹಳಿ. ಕಡಿಮೆ ಖರ್ಚಿನದು, ಮೀಟರ್‌ಗೇಜ್.

"ಹಾಗಾದರೆ ಮದರಾಸಿನ ರೈಲು ಮೈಸೂರಿಗೆ ಹೋಗೋಕೆ ಆಗ್ತಿರಲಿಲ್ವಾ?" ಮೊಮ್ಮಗಳು ಟೇಪನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

"ನನ್ನ ಅಂಗಿ ನಿನ್ನ ತಮ್ಮನಿಗೆ ಆಗುತ್ತಾ?"

ಆಗುವುದಿಲ್ಲ. ಅಲ್ಲೇ ಇದೆ ಈ ನಿಲ್ದಾಣದ ಕಥೆ. ಮದರಾಸಿನ ಕಡೆ ಅಗಲ ಹಳಿ. ಮೈಸೂರು, ಹುಬ್ಬಳ್ಳಿ, ಗುಂತಕಲ್ಲಿನ ಕಡೆ ಮೀಟರ್ ಹಳಿ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಪುಟ್ಟ ಹಳಿ. ಒಂದರ ಮೇಲೆ ಓಡುವ ಡಬ್ಬಿ ಇನ್ನೊಂದರ ಮೇಲೆ ಓಡದು. ಮದರಾಸಿನಿಂದ ಮೈಸೂರಿಗೆ ಹೋಗುವ ಸಂಸಾರ ಬೆಳಗಿನ ಜಾವದಲ್ಲಿ ನಿದ್ದೆಗಣ್ಣಿನ ಮಕ್ಕಳು, ಹಾಸಿಗೆ ಸುತ್ತು, ಟ್ರಂಕು, ಹಿತ್ತಾಳೆ ಕೂಜಾಗಳೊಂದಿಗೆ ಇಲ್ಲಿ ಇಳಿಯಲೇಬೇಕು, ಇನ್ನೊಂದು ಪ್ಲಾಟ್‌ಫಾರ್ಮಿಗೆ ಹೋಗಿ ಹತ್ತಲೇಬೇಕು. ಸರಕಿನದೂ ಅದೇ ಪಾಡು. ಒಂದು ವ್ಯಾಗನ್ನಿನಿಂದ ಮೂಟೆ ಇಳಿಸು, ಇನ್ನೊಂದಕ್ಕೆ ತುಂಬು. ಹಳಿ ಮಾಡಲಾಗದ ಆ ಕೆಲಸವನ್ನು ನೂರು ವರ್ಷ ಮಾಡಿದವರು ಹಮಾಲಿಗಳು ಮತ್ತು ಕೆಂಪು ಅಂಗಿಯ ಪೋರ್ಟರುಗಳು. ಮೈಸೂರಿಗೂ ಮದರಾಸಿಗೂ ನಡುವಿನ ಸಂಬಂಧ ಅವರ ತಲೆಯ ಮೇಲೆ ಇತ್ತು ಎಂದರೆ ಅದು ಬರೀ ಮಾತಲ್ಲ.

ಇಷ್ಟು ಹೇಳಿ ನಾನು ಸುಮ್ಮನಾದೆ. ಸುಮ್ಮನಾದದ್ದು ಯಾಕೆಂದು ಅವಳು ಕೇಳಿದಳು. ಮನೆಯಲ್ಲಿ ಯಾರಿಗೂ ಪೂರ್ತಿಯಾಗಿ ಹೇಳದಿದ್ದ ಒಂದು ಸಂಗತಿಯನ್ನು ಆಗ ಹೇಳಿದೆ.

1972. ನಾನು ಬಿ.ಕಾಂ. ಮುಗಿಸಿ ಊರಲ್ಲಿ ಅಪ್ಪನ ಜೊತೆ ಹೊಲ ನೋಡಿಕೊಂಡಿದ್ದೆ. ಬ್ಯಾಂಕಿನ ಕ್ಲಾರ್ಕ್ ಕೆಲಸಕ್ಕೆ ಬರವಣಿಗೆ ಪರೀಕ್ಷೆ, ಗಾಂಧಿನಗರದ ಹತ್ತಿರ, ಬೆಳಿಗ್ಗೆ ಹತ್ತೂವರೆಗೆ. ಅಪ್ಪ ಹಿಂದಿನ ರಾತ್ರಿ ಪೆನ್ನಿಗೆ ಇಂಕು ತುಂಬಿಸಿದನೇ ಎಂದು ಎರಡು ಸಲ ಕೇಳಿದರು. ಅವ್ವ ರಾಗಿರೊಟ್ಟಿ ಮತ್ತು ಹುಚ್ಚೆಳ್ಳು ಚಟ್ನಿಯನ್ನು ಬಾಳೆಲೆಯಲ್ಲಿ ಕಟ್ಟಿ ಕೈಚೀಲದಲ್ಲಿಟ್ಟಳು. ಅದೇ ಚೀಲದಲ್ಲಿ ಹಾಲ್ ಟಿಕೆಟ್ಟು, ಪೆನ್ನು, ಅಂಕಪಟ್ಟಿಗಳು. ಪುಟ್ಟ ರೈಲು ಆ ದಿನವೂ ತನ್ನದೇ ನಡಿಗೆಯಲ್ಲಿ ಬಂತು. ಸಿಟಿ ಸ್ಟೇಷನ್ನಿನಲ್ಲಿ ಇಳಿದಾಗ ಒಂಬತ್ತೂವರೆ ದಾಟಿತ್ತು.

ಇಳಿದವನು ನೇರ ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ. ಆಚೆ ಬದಿಯಲ್ಲಿ ಮದರಾಸಿನ ಕಡೆಯ ಅಗಲ ಹಳಿಯ ಎಂಜಿನ್ ನಿಂತಿತ್ತು. ನಮ್ಮ ಪುಟ್ಟ ಎಂಜಿನ್ನಿನ ಮುಂದೆ ಅದು ಕೋಣನ ಮುಂದೆ ಆನೆ ನಿಂತ ಹಾಗಿತ್ತು. ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತೆ. ಎಷ್ಟು ಹೊತ್ತೋ. ಆಮೇಲೆ ಬಾಗಿಲವರೆಗೆ ಬಂದು ಟಿಕೆಟ್ ಕೊಡಲು ಕೈ ಎತ್ತಿದಾಗ ಗೊತ್ತಾಯಿತು, ಚೀಲ ಇಲ್ಲ. ರೈಲಿನಲ್ಲೇ ಬಿಟ್ಟಿದ್ದೆ. ತಪ್ಪು ಯಾರದ್ದೂ ಅಲ್ಲ, ನನ್ನದೇ.

ಓಡಿ ವಾಪಸು ಬಂದರೆ ಪ್ಲಾಟ್‌ಫಾರ್ಮು ಖಾಲಿ. ಡಬ್ಬಿಗಳನ್ನು ಎಳೆದುಕೊಂಡು ಹೋಗಿಬಿಟ್ಟಿದ್ದರು. ನನಗೆ ಅಳು ಬಂತು. ಇಪ್ಪತ್ತೊಂದು ವರ್ಷದ ಗಂಡಸು, ಪ್ಯಾಂಟು ಹಾಕಿದವನು, ಅಷ್ಟು ಜನರ ನಡುವೆ ಅತ್ತೆ. ಆಗ ಒಬ್ಬ ಪೋರ್ಟರ್ ತಲೆಯ ಮೇಲಿನ ಸಿಂಬಿ ಸರಿಮಾಡಿಕೊಳ್ಳುತ್ತ ಬಂದು, "ಏನಪ್ಪ, ಯಾರು ಹೋದ್ರು?" ಎಂದ. ಯಾರೋ ತೀರಿಕೊಂಡಿದ್ದಾರೆ ಎಂದೇ ಅವನು ತಿಳಿದದ್ದು. ಹೇಳಿದೆ. ಅವನು ಎರಡನೇ ಮಾತು ಆಡಲಿಲ್ಲ. "ಬಾ ನನ್ ಹಿಂದೆ. ನಾನು ಕಾಲಿಟ್ಟ ಕಡೇನೇ ಕಾಲಿಡು" ಎಂದ.

ಯಾರ್ಡಿಗೆ ಕರೆದುಕೊಂಡು ಹೋದ. ಅಗಲ ಹಳಿ ದಾಟಿದೆವು, ಮೀಟರ್ ಹಳಿ ದಾಟಿದೆವು, ದೂರದಲ್ಲಿ ಬೂದಿ ಸುರಿದ ಕಡೆ ನಮ್ಮ ಪುಟ್ಟ ಡಬ್ಬಿಗಳು ನಿಂತಿದ್ದವು. ಅಲ್ಲಿದ್ದವರಿಗೆ ಅವನೇ ಏನೋ ಹೇಳಿ ಒಳಗೆ ಹತ್ತಿದ. ಮರದ ಹಲಗೆಯ ಮೇಲೆ ನನ್ನ ಚೀಲ ಹಾಗೇ ಕುಳಿತಿತ್ತು. ಹೊರಗೆ ಬಂದು ಗಾಂಧಿನಗರಕ್ಕೆ ಹತ್ತಿರದ ದಾರಿಯನ್ನೂ ಅವನೇ ತೋರಿಸಿದ.

ಜೇಬಿನಲ್ಲಿದ್ದ ಒಂದು ರೂಪಾಯಿ ಕೊಡಲು ಹೋದೆ. ತೆಗೆದುಕೊಳ್ಳಲಿಲ್ಲ. "ಭಾರ ಹೊತ್ರೆ ತಗೋತೀನಿ. ನಾನೇನು ಹೊತ್ನಪ್ಪ? ಚೀಲ ಘಮ್ಮಂತದೆ, ಒಂದು ರೊಟ್ಟಿ ಕೊಡು" ಎಂದ. ಕೊಟ್ಟೆ. ಅರ್ಧ ಮುರಿದು ಅರ್ಧ ವಾಪಸು ಕೊಟ್ಟು, "ಕೆಲಸ ಸಿಕ್ರೆ ಬಂದು ಒಂದು ಟೀ ಕುಡ್ಸು. ಓಡು" ಎಂದ. ಓಡಿದೆ. ಗಂಟೆ ಹೊಡೆಯಲು ಐದು ನಿಮಿಷ ಇದ್ದಾಗ ನನ್ನ ಜಾಗದಲ್ಲಿ ಕುಳಿತಿದ್ದೆ.

ಕೆಲಸ ಸಿಕ್ಕಿತು. ಮೊದಲ ಸಂಬಳದ ಮಾರನೆಯ ಭಾನುವಾರ ಅವ್ವನಿಗೆ ಸೀರೆ ಕೊಳ್ಳುವ ಮುಂಚೆ ಸ್ಟೇಷನ್ನಿಗೆ ಹೋದೆ. "ಎತ್ತರಕ್ಕೆ ಇದ್ದರು, ಕೆಂಪು ಅಂಗಿ ಹಾಕಿದ್ದರು" ಎಂದು ಅಲ್ಲಿದ್ದವರನ್ನು ಕೇಳಿದೆ. ಅವರೆಲ್ಲ ಒಟ್ಟಿಗೆ ನಕ್ಕರು. ಎಲ್ಲರೂ ಕೆಂಪು ಅಂಗಿಯೇ. "ತೋಳಿನ ಬಿಲ್ಲೆ ನಂಬರ್ ಎಷ್ಟು, ಅದು ಹೇಳು" ಎಂದರು. ನಾನು ನಂಬರ್ ನೋಡಿರಲಿಲ್ಲ. ಹೆಸರೂ ಕೇಳಿರಲಿಲ್ಲ. ಆಮೇಲೂ ಎರಡು ಮೂರು ಸಲ ಹೋದೆ. ನಂತರ ದೂರದ ಊರಿಗೆ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದರು.

ಬ್ಯಾಂಕಿನಲ್ಲಿ ಆ ಕಾಲದಲ್ಲಿ ಲೆಡ್ಜರುಗಳನ್ನು ಕೈಯಲ್ಲೇ ಬರೆಯುತ್ತಿದ್ದೆವು. ದಿನದ ಕೊನೆಗೆ ಒಂದು ರೂಪಾಯಿ ವ್ಯತ್ಯಾಸ ಬಂದರೂ ಅದು ಸಿಗುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಇಡೀ ಬದುಕು ಬೇರೆಯವರ ನಂಬರುಗಳನ್ನು ತಪ್ಪಿಲ್ಲದೆ ಬರೆದೆ. ಬರೆದುಕೊಳ್ಳಲೇಬೇಕಿದ್ದ ಒಂದು ನಂಬರನ್ನು ಬರೆದುಕೊಳ್ಳಲಿಲ್ಲ. ಆ ಒಂದು ಟೀ ಬಾಕಿ ಉಳಿಯಿತು.

ಮೊಮ್ಮಗಳು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಈಗ ಆ ಪುಟ್ಟ ಹಳಿ ಎಲ್ಲಿದೆ?" ಎಂದಳು.

ಇಲ್ಲ. 1951ರ ಏಪ್ರಿಲ್ 14ರಂದು, ನಾನು ಹುಟ್ಟಿದ ವರ್ಷವೇ, ಮೈಸೂರು ಸಂಸ್ಥಾನದ ರೈಲ್ವೆ ಬೇರೆ ಎರಡು ರೈಲ್ವೆಗಳ ಜೊತೆ ಸೇರಿ ದಕ್ಷಿಣ ರೈಲ್ವೆಯಾಯಿತು. 1992ರಲ್ಲಿ ದೇಶಕ್ಕೆಲ್ಲ ಒಂದೇ ಅಳತೆಯ ಹಳಿ ಎಂಬ ಯೋಜನೆ ಬಂತು. ಮೈಸೂರಿನದು, ಹುಬ್ಬಳ್ಳಿಯದು, ಒಂದೊಂದಾಗಿ ಎಲ್ಲವೂ ಅಗಲವಾದವು. ನಮ್ಮ ಪುಟ್ಟ ಹಳಿಯ ದಾರಿಯೂ ಅಗಲವಾಯಿತು. ಚಿಕ್ಕಬಳ್ಳಾಪುರ ಮತ್ತು ಕೋಲಾರದ ನಡುವಿನ ಕೊನೆಯ ತುಂಡಿನಲ್ಲಿ ದೊಡ್ಡ ರೈಲು ಓಡಿದ್ದು 2013ರಲ್ಲಿ. 2021ರಲ್ಲಿ ಅದೇ ದಾರಿಯಲ್ಲಿ ವಿಮಾನ ನಿಲ್ದಾಣಕ್ಕೊಂದು ಹಾಲ್ಟ್ ಆಯಿತು. ಹಳ್ಳಿಯವರ ರೈಲಿನ ದಾರಿಯಲ್ಲೀಗ ವಿಮಾನ ಹತ್ತುವವರೂ ಇಳಿಯುತ್ತಾರೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟಿನ ನೂರು ವರ್ಷ ದಾಟಿದ ಪುಟ್ಟ ನಿಲ್ದಾಣದ ಕಟ್ಟಡಗಳು ಪಾಳು ಬಿದ್ದಿದ್ದವು. ಇನ್‌ಟ್ಯಾಕ್ ಸಂಸ್ಥೆಯ ಬೆಂಗಳೂರಿನವರು ಅವನ್ನು ಉಳಿಸುವ ಕೆಲಸಕ್ಕೆ ಕೈಹಾಕಿದ್ದಾರೆ ಎಂಬುದೊಂದು ಸಂತೋಷ. ಹಳೆಯ ಎಂಜಿನ್ನುಗಳನ್ನು, 1899ರ ಮಹಾರಾಣಿಯವರ ರೈಲು ಡಬ್ಬಿಯನ್ನು ನೋಡಬೇಕಾದರೆ ಮೈಸೂರಿನಲ್ಲಿ 1979ರಿಂದ ಇರುವ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಬಹುದು. ದಸರಾ ರಜೆಗೆ ಕರೆದುಕೊಂಡು ಹೋಗುವುದಾಗಿ ಮಾತು ಕೊಟ್ಟಿದ್ದೇನೆ.

ಈ ಸಿಟಿ ಸ್ಟೇಷನ್ನಿಗೆ 2016ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂತು. 2022ರ ನವೆಂಬರ್ 11ರಂದು ದಕ್ಷಿಣ ಭಾರತದ ಮೊದಲ ವಂದೇ ಭಾರತ್ ರೈಲಿಗೆ ಇಲ್ಲೇ ಹಸಿರು ಬಾವುಟ ತೋರಿಸಿದರು. ಮೈಸೂರಿನಿಂದ ಚೆನ್ನೈಗೆ. ಹಿಂದೆ ಇಲ್ಲಿ ಇಳಿದು, ಟ್ರಂಕು ಹೊರಿಸಿ, ಬೇರೆ ರೈಲು ಹತ್ತುತ್ತಿದ್ದ ಅದೇ ದಾರಿಯಲ್ಲಿ ಈಗ ಕುಳಿತ ಜಾಗದಿಂದ ಏಳದೆಯೇ ಹೋಗಬಹುದು. ಒಳ್ಳೆಯದೇ ಆಯಿತು. ಆ ಕಾಲದ ಕಷ್ಟ ಮತ್ತೆ ಬೇಕು ಎಂದು ಟ್ರಂಕು ಹೊತ್ತ ಯಾರೂ ಹೇಳಲಾರರು.

ಪೋರ್ಟರುಗಳೂ ಕಡಿಮೆಯಾದರು. 2008ರಲ್ಲಿ ಅನೇಕರನ್ನು ರೈಲ್ವೆ ಹಳಿ ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಸರ್ಕಾರ ಹೇಳಿತು. 2016ರಲ್ಲಿ ಅವರನ್ನು ಕೂಲಿ ಎನ್ನಬಾರದು, ಸಹಾಯಕ ಎನ್ನಬೇಕು ಎಂದಿತು. ಹೆಸರು ದೊಡ್ಡದಾಯಿತು. ಆದರೆ ಅಷ್ಟರಲ್ಲಿ ಪೆಟ್ಟಿಗೆಗಳಿಗೆ ಗಾಲಿ ಬಂದಿದ್ದವು.

"ತಾತ, ಅಲ್ಲಿ ಒಬ್ಬರಿದ್ದಾರೆ" ಎಂದು ಮೊಮ್ಮಗಳು ಕೈ ತೋರಿಸಿದಳು. ತಳ್ಳುಗಾಡಿಯ ಮೇಲೆ ಐವತ್ತರ ಆಸುಪಾಸಿನ ಒಬ್ಬರು ಕೆಂಪು ಅಂಗಿ ಹಾಕಿಕೊಂಡು ಕುಳಿತಿದ್ದರು. ಅವಳೇ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು.

"ಒಂದು ಟೀ ಕುಡಿಯೋಣ ಬನ್ನಿ" ಎಂದೆ.

ಅವರು ನನ್ನನ್ನೂ ನಮ್ಮಲ್ಲಿ ಪೆಟ್ಟಿಗೆಯೇ ಇಲ್ಲದ್ದನ್ನೂ ನೋಡಿದರು. "ಯಾಕೆ ಸಾರ್?"

"ಹಳೇ ಬಾಕಿ" ಎಂದು ಸಂಗತಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ತೋಳಿನ ಹಿತ್ತಾಳೆ ಬಿಲ್ಲೆಯನ್ನು ಅಂಗಿಯ ತುದಿಯಿಂದ ಒರೆಸಿದರು. "ಈ ಬಿಲ್ಲೆ ನಮ್ಮಪ್ಪಂದು ಸಾರ್. ಅದಕ್ಕೂ ಮುಂಚೆ ನಮ್ ತಾತಂದು. ತಾತನೂ ಚಿಕ್ಕ ರೈಲಿನ ಕಡೆ ಕೆಲಸ ಮಾಡೋನು ಅಂತ ಕೇಳಿದೀನಿ."

ನನ್ನ ಎದೆ ಒಂದು ಸಲ ಜೋರಾಗಿ ಹೊಡೆದುಕೊಂಡಿತು. "ಎತ್ತರಕ್ಕಿದ್ದರಾ?"

ಅವರು ನಕ್ಕರು. "ಹೂಂ ಅಂದ್ಬಿಡಬಹುದು ಸಾರ್, ನಿಮಗೂ ಖುಷಿ ಆಗ್ತದೆ. ಆದ್ರೆ ನಾನು ನೋಡಿಲ್ಲ. ನೋಡ್ದೇ ಇರೋದು ಹೇಳಬಾರದು."

ಟೀ ಕುಡಿದೆವು. ಅವರಿಗೆ ಸಕ್ಕರೆ ಕಾಯಿಲೆ, ನನಗೂ. ಇಬ್ಬರದೂ ಸಕ್ಕರೆ ಇಲ್ಲದ ಟೀ. ಹೆಸರು ಕೇಳಿದೆ. ಅಷ್ಟರಲ್ಲಿ ಮೊಮ್ಮಗಳು ನೋಟ್‌ಬುಕ್ ತೆಗೆದು ಬಿಲ್ಲೆಯ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡಳು, ಎರಡು ಸ

ಲ ತಾಳೆ ನೋಡಿದಳು. ದೂರದ ರೈಲೊಂದು ಬರುವ ಘೋಷಣೆಯಾಯಿತು. ಅವರು ಕಪ್ಪಿನ ಕೊನೆಯ ಗುಟುಕನ್ನು ಒಂದೇ ಸಲಕ್ಕೆ ಕುಡಿದು, ಟವೆಲ್ಲನ್ನು ಸಿಂಬಿ ಸುತ್ತಿಕೊಂಡು ಹೊರಟರು.

ಬಾಕಿ ತೀರಿತೇ? ಲೆಕ್ಕದ ಪ್ರಕಾರ ಇಲ್ಲ. ಬೇರೆಯವರ ಖಾತೆಗೆ ಜಮಾ ಮಾಡಿದರೆ ಇವರದು ತೀರುವುದಿಲ್ಲ ಎಂಬುದು ನನ್ನಂಥ ಹಳೆಯ ಗುಮಾಸ್ತನಿಗೆ ಚೆನ್ನಾಗಿ ಗೊತ್ತು. ಆದರೂ ಯಲಹಂಕಕ್ಕೆ ವಾಪಸು ಬರುವಾಗ ಕಿಟಕಿಯ ಪಕ್ಕ ಚೆನ್ನಾಗಿ ನಿದ್ದೆ ಬಂತು.

ಮೊಮ್ಮಗಳು ಎರಡು ಸಂಜೆ ಕುಳಿತು ಚಾರ್ಟ್ ಮುಗಿಸಿದಳು. ಮೂರು ಜೋಡಿ ಹಳಿ ಬರೆದಿದ್ದಳು. ಅಗಲದ್ದರ ಮಧ್ಯೆ ನಾನು ಮಲಗಿದ್ದೇನೆ, ಕನ್ನಡಕ ಸಮೇತ. ಮೀಟರಿನದರಲ್ಲಿ ಅವಳ ತಮ್ಮ, ಪುಟ್ಟದರಲ್ಲಿ ಎದುರು ಮನೆಯ ಪಾಪು. 1864, 1882, 1915 ಎಲ್ಲವೂ ಸರಿಯಾಗಿತ್ತು. ಮೂರೂ ಹಳಿಗಳನ್ನು ದಾಟುತ್ತ ಒಬ್ಬ ಎತ್ತರದ ಮನುಷ್ಯ, ಕೆಂಪು ಅಂಗಿ, ತಲೆಯ ಮೇಲೆ ಟ್ರಂಕು, ಕೈಯಲ್ಲಿ ಅರ್ಧ ರೊಟ್ಟಿ. ತೋಳಿನ ಮೇಲೆ ಬಿಲ್ಲೆ ಬರೆದು ಒಳಗೆ ಖಾಲಿ ಬಿಟ್ಟಿದ್ದಳು.

ಶಾಲೆಯಲ್ಲಿ ಟೀಚರ್ ಕೇಳಿದರಂತೆ, "ಎಲ್ಲಾ ಚೆನ್ನಾಗಿದೆ. ಇಲ್ಲಿ ನಂಬರ್ ಬರೆಯೋದು ಮರೆತೆಯಾ?"

"ನಾನು ಮರೆತಿಲ್ಲ ಮಿಸ್" ಎಂದಳಂತೆ. "ನಮ್ಮ ತಾತ ಮರೆತಿದ್ದು."